ಪದಚರ್ಚೆ: ಇ-ಸಿಗರೇಟನ್ನು ಸೇದುವುದೋ, ಎಳೆಯುವುದೋ, ಆವಿ ಹಿಡಿಯುವುದೋ?

ಮಾನ್ಯರೇ,

ದುಬಾಯಿಯಲ್ಲಿ ಕೆಲಸದಲ್ಲಿರುವ ನನ್ನ ಸೋದರಳಿಯನು ಹತ್ತನೆಯ ತರಗತಿಯವರೆಗೆ ಇಲ್ಲಿಯೇ, ಕಾಸರಗೋಡಿನ ಕನ್ನಡ ಮಾಧ್ಯಮದಲ್ಲಿ ಓದಿದವನು. ಸಿಗರೇಟು ಬಿಡಬೇಕೆಂಬ ಯೋಚನೆಯಿಂದ ಅವನು ಇ-ಸಿಗರೇಟು (ನಿಕೋಟಿನ್ ಇರುವ ದ್ರವವನ್ನು ಬ್ಯಾಟರಿಯಿಂದ ಬಿಸಿಮಾಡಿ ಬಾಯಿಗೆ ಕೊಡುವ ಸಾಧನ) ಹಿಡಿದಿದ್ದಾನೆ. ಮೊದಲು ಕೊಂಡ ಸಣ್ಣ ಸಾಧನದ ಬದಲು ಈಗ ಎರಡನೆಯದನ್ನು ಕೊಳ್ಳುವ ಆಲೋಚನೆಯಲ್ಲಿದ್ದಾನೆ. ಯಾವುದನ್ನು ಆರಿಸಬೇಕು, ಏಕೆ ಎಂಬ ಇಂಗ್ಲಿಷ್ ಮಾಹಿತಿಯ ಸಾರವನ್ನು ತನಗೂ ಕೋಣೆಯ ಸಂಗಡಿಗರಿಗೂ ಅರ್ಥವಾಗುವ ಕನ್ನಡದಲ್ಲಿ ಬರೆದುಕೊಡಬೇಕೆಂದು ನನ್ನನ್ನು ಕೇಳಿದ್ದಾನೆ. ಆ ಬರವಣಿಗೆಯಲ್ಲಿ ಎದುರಾದ ಕೆಲವು ಪದಗಳ ಬಗೆಗೆ, ಮುಖ್ಯವಾಗಿ ಒಂದು ಕ್ರಿಯಾಪದದ ಬಗೆಗೆ, ತಮ್ಮ ಅಭಿಪ್ರಾಯ ಬೇಕಾಗಿದೆ.

ಮೊದಲು ಕಾನೂನಿನ ಮಾತು. ಯು.ಎ.ಇ.ಯಲ್ಲಿ ಈ ಸಾಧನಗಳ ಮಾರಾಟಕ್ಕೆ ಅನುಮತಿ ಸಿಕ್ಕಿದ 2019ನೇ ಇಸವಿಯಲ್ಲೇ ನಮ್ಮ ದೇಶದಲ್ಲಿ ಅವುಗಳ ನಿಷೇಧವಾಯಿತು. ಸೆಪ್ಟೆಂಬರ್‌ನಲ್ಲಿ ಸುಗ್ರೀವಾಜ್ಞೆಯಾಗಿ ಬಂದು ಡಿಸೆಂಬರ್‌ನಲ್ಲಿ ಕಾಯಿದೆಯಾದ ಈ ಕಾನೂನು ತಯಾರಿ, ಆಮದು, ಸಾಗಣೆ, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲವನ್ನೂ ತಡೆಯುತ್ತದೆ. ದಾಸ್ತಾನನ್ನು ಬಿಟ್ಟು ಉಳಿದವುಗಳಲ್ಲಿ ಮೊದಲ ಅಪರಾಧಕ್ಕೆ ಒಂದು ವರ್ಷದವರೆಗಿನ ಸೆರೆ ಅಥವಾ ಒಂದು ಲಕ್ಷ ರೂಪಾಯಿಯವರೆಗಿನ ದಂಡ, ಅಥವಾ ಎರಡೂ ಇವೆ. ರಜೆಯಲ್ಲಿ ಊರಿಗೆ ಬರುವಾಗ ಅದನ್ನು ಪೆಟ್ಟಿಗೆಯಲ್ಲಿಟ್ಟು ತರಬಾರದೆಂದು ಅವನಿಗೆ ಹೇಳಿದ್ದೇನೆ. ಆದ್ದರಿಂದ ಕೆಳಗಿನ ಚರ್ಚೆ ಯು.ಎ.ಇ.ಯಲ್ಲಿರುವ ಕನ್ನಡಿಗರ ಮಾತಿಗೆ ಸಂಬಂಧಿಸಿದ್ದು.

ಈಗ ಪದದ ವಿಷಯ. ಕಾಸರಗೋಡಿನ ಆಡುಮಾತಿನಲ್ಲಿ ಬೀಡಿಯನ್ನು ‘ಎಳೆಯುತ್ತಾರೆ’. ತುಳುವಿನ ‘ಒಯ್ಪುನಿ’, ಮಲಯಾಳದ ‘ವಲಿಕ್ಕುಗ’ ಎರಡಕ್ಕೂ ಎಳೆಯುವುದೆಂದೇ ಅರ್ಥ. ಮರಾಠಿಯವರೂ ಬೀಡಿಯನ್ನು ‘ಓಢಣೆ’ ಎನ್ನುತ್ತಾರೆ. ತೆಲುಗಿನವರು ಸಿಗರೇಟನ್ನು ಕುಡಿಯುತ್ತಾರೆ ಅಥವಾ ಸುಡುತ್ತಾರೆ, ತಮಿಳರು ಹೊಗೆಯನ್ನು ಹಿಡಿಯುತ್ತಾರೆ. ‘ಧೂಮಪಾನ’ದಲ್ಲಿರುವುದೂ ಕುಡಿಯುವ ಕಲ್ಪನೆಯೇ. ಕನ್ನಡದ ಬರವಣಿಗೆಯಲ್ಲಿ ನೆಲೆಯಾದ ಕ್ರಿಯಾಪದ ಮಾತ್ರ ‘ಸೇದು’, ಬಾವಿಯಿಂದ ನೀರನ್ನು ಮೇಲೆತ್ತುವುದಕ್ಕೂ ಇರುವ ಅದೇ ಪದ.

ಇ-ಸಿಗರೇಟಿನ ವಿಷಯದಲ್ಲಿ ಈ ವ್ಯತ್ಯಾಸಕ್ಕೆ ಬೆಲೆ ಇದೆ, ಏಕೆಂದರೆ ಎರಡನೆಯ ಸಾಧನದ ಆಯ್ಕೆ ನಿಂತಿರುವುದೇ ಉಸಿರಿನ ರೀತಿಯ ಮೇಲೆ. ಒಂದು ರೀತಿಯಲ್ಲಿ ಮೊದಲು ಬಾಯಿ ತುಂಬ ಎಳೆದುಕೊಂಡು, ಅರೆಕ್ಷಣ ತಡೆದು, ಆಮೇಲೆ ಎದೆಗೆ ಇಳಿಸುತ್ತಾರೆ. ಸಿಗರೇಟು ಅಭ್ಯಾಸವಾದವರಿಗೆ ಇದೇ ಸಹಜ. ಇದಕ್ಕೆ ಗಾಳಿಯ ದಾರಿ ಕಿರಿದಾದ, ದ್ರವವನ್ನು ಬಿಸಿಮಾಡುವ ತಂತಿಸುರುಳಿಯಾದ ಕಾಯಿಲ್‌ನ ರೋಧ ಒಂದು ಓಮ್‌ನ ಆಸುಪಾಸಿನಲ್ಲಿರುವ, ಹತ್ತು ಹದಿನೈದು ವ್ಯಾಟ್ ಸಾಕಾಗುವ ಸಣ್ಣ ಪಾಡ್ (ದ್ರವದ ಪುಟ್ಟ ಕೋಶವನ್ನು ಸಿಕ್ಕಿಸುವ ಸಾಧನ) ಹೊಂದುತ್ತದೆ. ಇನ್ನೊಂದು ರೀತಿಯಲ್ಲಿ ಬಾಯಲ್ಲಿ ತಡೆಯದೆ ದೀರ್ಘ ಉಸಿರಿನೊಂದಿಗೆ ನೆಟ್ಟಗೆ ಶ್ವಾಸಕೋಶಕ್ಕೆ ತೆಗೆದುಕೊಳ್ಳುತ್ತಾರೆ. ಅದಕ್ಕೆ ಬೇಕಾಗುವುದು ಅಗಲವಾದ ಗಾಳಿದಾರಿ, ಅರ್ಧ ಓಮ್‌ಗಿಂತ ಕಡಿಮೆ ರೋಧದ ಕಾಯಿಲ್, ನಲವತ್ತು ವ್ಯಾಟ್ ಅಥವಾ ಅದಕ್ಕೂ ಹೆಚ್ಚಿನ ಶಕ್ತಿಯನ್ನು ಕೊಡಬಲ್ಲ ದೊಡ್ಡ ಬ್ಯಾಟರಿ. ಇಂಗ್ಲಿಷಿನಲ್ಲಿ ಈ ಎರಡಕ್ಕೂ ಮೂರಕ್ಷರದ ಸಂಕ್ಷೇಪಗಳಿವೆ. ಅವನ್ನು ಕನ್ನಡ ಲಿಪಿಯಲ್ಲಿ ಹಾಗೆಯೇ ಇಳಿಸಿದರೆ ಓದುವವನಿಗೆ ಏನೂ ಸಿಗುವುದಿಲ್ಲ.

ನನ್ನ ಸಲಹೆ ಇಷ್ಟು: ಮೊದಲಿನ ರೀತಿಗೆ ‘ಸೇದು’, ಎರಡನೆಯದಕ್ಕೆ ‘ಉಸಿರೆಳೆ’. ಹಗ್ಗವನ್ನು ಒಂದು ಕೈಯಿಂದ ಎಳೆದು, ಹಿಡಿದು ನಿಲ್ಲಿಸಿ, ಮತ್ತೊಂದು ಕೈಗೆ ಕೊಡುವ ಬಾವಿಕಟ್ಟೆಯ ಸೇದುವಿಕೆಯಲ್ಲಿ ತಡೆತಡೆದು ಬರುವ ಲಯವಿದೆ; ಬಾಯಲ್ಲಿ ನಿಲ್ಲಿಸಿ ಒಳಗೆ ಬಿಡುವ ಕ್ರಮಕ್ಕೆ ಅದು ಒಪ್ಪುತ್ತದೆ. ‘ಉಸಿರೆಳೆ’ ಎಂದಾಗ ಆ ತಡೆ ಇರುವುದಿಲ್ಲ. ‘ದಮ್ಮು ಎಳೆ’ ಎಂಬುದು ಇನ್ನೂ ಹತ್ತಿರದ ನುಡಿಯೆಂಬುದು ನಿಜ, ಆದರೆ ಅದರಲ್ಲಿ ಗಾಂಜಾದ ವಾಸನೆ ಹತ್ತಿಕೊಂಡಿರುವುದರಿಂದ ಬಿಟ್ಟೆ. ಈ ವಿಂಗಡಣೆಯನ್ನು ಫೋನಿನಲ್ಲಿ ಹೇಳಿದಾಗ ಅಳಿಯ, ‘ಮಾವಾ, ಎಳೆಯುವುದು ಹೌದು, ಆದರೆ ದೊಡ್ಡದರಲ್ಲಿ ಬೀಡಿಯ ಹಾಗೆ ಎಳೆದರೆ ಏನೂ ಬರುವುದಿಲ್ಲ’ ಎಂದ. ಕಾಸರಗೋಡಿನವನ ಬಾಯಲ್ಲಿ ಎರಡಕ್ಕೂ ‘ಎಳೆ’ಯೇ ಬರುತ್ತದೆ ಎಂಬುದೇ ನನ್ನ ತೊಡಕು.

ನಾಮಪದದ ತೊಡಕು ಬೇರೆ. ಹೊರಬರುವುದನ್ನು ಹೊಗೆ ಎನ್ನಬೇಕೇ, ಆವಿ ಎನ್ನಬೇಕೇ? ಏನೂ ಉರಿಯದಿರುವಾಗ ಹೊಗೆ ಎಲ್ಲಿಂದ ಬಂತು ಎಂದು ಕೇಳುವವರಿದ್ದಾರೆ. ಅವರಿಗೆ ನಾನು ತೋರಿಸುವುದು ಹೊಗೆಸೊಪ್ಪನ್ನು. ವೀಳ್ಯದೊಂದಿಗೆ ಜಗಿಯುವಾಗ ಅದರಲ್ಲಿ ಹೊಗೆಯ ಸುಳಿವೂ ಇಲ್ಲ, ಆದರೂ ಹೆಸರು ಹೊಗೆಸೊಪ್ಪೇ. ಪಳ್ಳಿಕ್ಕರೆ, ಕಾಞಂಗಾಡಿನ ಕಡೆ ಅದನ್ನು ಬೆಳೆಯುತ್ತಿದ್ದ ರೈತರಿಗೆ ಅದು ‘ಪುಗಯಿಲ’, ತುಳುವರಿಗೆ ‘ಪುಗೆರೆ’. ಹೊಗೆ ಎಂಬುದು ಇಲ್ಲಿ ಆ ವಸ್ತುವಿನ ಗುರುತಾಗಿ ಉಳಿದಿದೆ.

‘ಆವಿ’ಗೆ ನನ್ನ ಆಕ್ಷೇಪ ಬಲವಾಗಿಯೇ ಇದೆ. ನೆಗಡಿಯಾದಾಗ ತಲೆಗೆ ಮುಸುಕು ಹಾಕಿ ತುಳಸಿ, ನೀಲಗಿರಿ ಎಲೆಯ ಬಿಸಿನೀರಿನಿಂದ ನಾವು ಹಿಡಿಯುವುದು ಆವಿ. ನಿಕೋಟಿನ್ ಇರುವ ವಸ್ತುವಿಗೆ ಆ ಮದ್ದಿನ ಹೆಸರನ್ನು ಕೊಟ್ಟರೆ, ಚಟ ಹಿಡಿಸುವ ಗುಣ ಹೆಸರಿನ ಹಿಂದೆ ಅಡಗಿಕೊಳ್ಳುತ್ತದೆ. ವಿಜ್ಞಾನದ ದೃಷ್ಟಿಯಿಂದಲೂ ಅದು ಸರಿಯಲ್ಲ. ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್‌ಗಳ ಮಿಶ್ರಣವು ಕಾಯಿಲ್‌ನ ಬಿಸಿಗೆ ಆವಿಯಾಗಿ, ಕೂಡಲೇ ತಣಿದು, ಗಾಳಿಯಲ್ಲಿ ತೇಲುವ ಅತಿ ಸೂಕ್ಷ್ಮ ಹನಿಗಳಾಗುತ್ತದೆ. ಕಣ್ಣಿಗೆ ಬಿಳಿಯಾಗಿ ಕಾಣುವುದು ಆ ಹನಿಗಳು. ನಮ್ಮ ಕಾಯಿದೆಯ ವ್ಯಾಖ್ಯೆಯೂ ಇದಕ್ಕೆ ‘ಏರೋಸಾಲ್’ ಎಂಬ ಪದವನ್ನೇ ಬಳಸಿದೆ. ಸಾಮಾನ್ಯ ಓದುಗನಿಗೆ ಆ ಪದ ದೂರದ್ದು, ‘ಮಂಜು’ ತೀರ ಕಾವ್ಯಮಯ. ಸದ್ಯಕ್ಕೆ ‘ಹೊಗೆ’ ಎಂದೇ ಬರೆದು, ಒಮ್ಮೆ ಮಾತ್ರ ವಿವರಣೆ ಕೊಡುವುದೆಂದುಕೊಂಡಿದ್ದೇನೆ.

ಭಾಗಗಳ ಹೆಸರುಗಳಲ್ಲಿ ‘ಪಾಡ್’, ‘ಟ್ಯಾಂಕ್’, ‘ಕಾಯಿಲ್’ ಇದ್ದಂತೆಯೇ ಇರಲಿ. (‘ಪಾಡ್’ ಮತ್ತು ‘ಮಾಡ್’ ಎಂಬ ದೊಡ್ಡ ಬ್ಯಾಟರಿಯ ಸಾಧನ ಎರಡೂ ಸೇರಿದ ಒಂದು ಜಾತಿಯ ಸಾಧನವಿದೆ, ‘ಪಾಡ್ ಮಾಡ್’ ಎಂದು ಕನ್ನಡದಲ್ಲಿ ಬರೆದರೆ ಯಾರಿಗೋ ಆಜ್ಞೆ ಮಾಡಿದಂತೆ ಕೇಳುತ್ತದೆ.) ಆದರೆ ಕಾಯಿಲ್‌ನೊಳಗೆ ದ್ರವವನ್ನು ಹೀರಿಕೊಳ್ಳುವ ಹತ್ತಿಗೆ ‘ಬತ್ತಿ’ ಎಂಬ ಪದ ನಮ್ಮಲ್ಲಿ ತಯಾರಾಗಿಯೇ ಇದೆ. ಹೊಸ ಕಾಯಿಲ್ ಹಾಕಿ ದ್ರವ ತುಂಬಿಸಿದ ಕೂಡಲೇ ಬಳಸದೆ, ಐದು ಹತ್ತು ನಿಮಿಷ ‘ಬತ್ತಿ ನೆನೆಯಲು ಬಿಡಬೇಕು’ ಎಂದರೆ ದೀಪ ಹಚ್ಚಿ ಗೊತ್ತಿರುವ ಯಾರಿಗೂ ಬೇರೆ ವಿವರಣೆ ಬೇಡ. ನೆನೆಯದೆ ಬಿಸಿಯಾದರೆ ಹತ್ತಿ ಸುಟ್ಟು ಗಂಟಲು ಕೆರೆಯುವ ಕೆಟ್ಟ ರುಚಿ ಬರುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ಪ್ರತ್ಯೇಕ ಪಾರಿಭಾಷಿಕ ಪದವಿದೆ, ನಮಗೆ ‘ಬತ್ತಿ ಸೀದಿದೆ’ ಸಾಕು.

ಇದಕ್ಕಿಂತ ಮುಖ್ಯವಾದದ್ದು ‘ಸೊಕ್ಕು’. ಹಸಿ ಅಡಿಕೆಯೋ ಕಡುವಾದ ಹೊಗೆಸೊಪ್ಪೋ ಅಭ್ಯಾಸವಿಲ್ಲದವನಿಗೆ ಸೊಕ್ಕಿದಾಗ ಬೆವರು ಕಿತ್ತು, ತಲೆ ತಿರುಗಿ, ವಾಂತಿ ಬಂದಂತಾಗುವುದು ಅಡಿಕೆಯ ನಾಡಿನವರಿಗೆಲ್ಲ ಗೊತ್ತು. ನಿಕೋಟಿನ್ ಅತಿಯಾದಾಗಿನ ಲಕ್ಷಣಗಳೂ ಇವೇ, ಮತ್ತು ಎರಡನೆಯ ಸಾಧನ ಕೊಂಡವನು ಎಡವುವುದು ಹೆಚ್ಚಾಗಿ ಇಲ್ಲಿಯೇ. ಸಣ್ಣ ಪಾಡ್‌ಗೆಂದು ಮಾಡಿದ, ಮಿಲಿಲೀಟರಿಗೆ 20 ಮಿಲಿಗ್ರಾಂ ನಿಕೋಟಿನ್ ಲವಣವಿರುವ ದ್ರವವನ್ನು (ಐರೋಪ್ಯ ಒಕ್ಕೂಟದಲ್ಲಿ ಅದೇ ಗರಿಷ್ಠ ಮಿತಿ) ದೊಡ್ಡ ಟ್ಯಾಂಕಿಗೆ ಸುರಿದರೆ, ಒಂದೊಂದು ಉಸಿರಿಗೂ ಆವಿಯಾಗುವ ದ್ರವ ಎಷ್ಟೋ ಪಟ್ಟು ಹೆಚ್ಚಾಗಿ ತಲೆ ಸೊಕ್ಕುತ್ತದೆ. ದೊಡ್ಡದಕ್ಕೆ ಸಾಮಾನ್ಯವಾಗಿ 3 ಅಥವಾ 6 ಮಿಲಿಗ್ರಾಂನ, ಗ್ಲಿಸರಿನ್ ಹೆಚ್ಚಿರುವ ಮಂದ ದ್ರವವನ್ನು ಬಳಸುತ್ತಾರೆ. ಆ ಮಂದ ದ್ರವ ಸಣ್ಣ ಪಾಡ್‌ನ ಬತ್ತಿಗೆ ಸರಿಯಾಗಿ ಏರದೆ ಬತ್ತಿ ಸೀಯುತ್ತದೆ ಎಂಬುದು ಅದರ ಇನ್ನೊಂದು ಮಗ್ಗುಲು. ‘ತಲೆ ಸೊಕ್ಕೀತು’ ಎಂಬ ಎರಡು ಪದಗಳು ಇಲ್ಲಿ ಒಂದು ಪುಟದ ಎಚ್ಚರಿಕೆಯ ಕೆಲಸ ಮಾಡುತ್ತವೆ. ಆದರೆ ಬಯಲುಸೀಮೆಯ ಓದುಗರಿಗೆ ‘ಸೊಕ್ಕು’ ಎಂದರೆ ಅಹಂಕಾರವೇ ಮೊದಲು ಹೊಳೆಯಬಹುದು. ಕೋಣೆಯ ಸಂಗಡಿಗರಲ್ಲಿ ಅಂಥವರೂ ಇದ್ದಾರೆ.

ಅವನಿಗೆ ನಾನು ಬರೆದಿರುವ ಸಲಹೆಯೆಂದರೆ, ಸಿಗರೇಟು ಬಿಡುವುದೇ ಗುರಿಯಾಗಿದ್ದರೆ ಹೊಗೆಯ ಮೋಡಕ್ಕೆ ಮರುಳಾಗದೆ, ಈಗಿನಂತೆಯೇ ಸೇದುವ ಜಾತಿಯ, ಕಾಯಿಲ್ ಬದಲಿಸಬಹುದಾದ, ದ್ರವದ ನಿಕೋಟಿನ್ ಪ್ರಮಾಣವನ್ನು ಹಂತಹಂತವಾಗಿ ಇಳಿಸಲು ಅನುಕೂಲವಾದ ಪಾಡ್ ಒಂದನ್ನು ತೆಗೆದುಕೊಳ್ಳಲಿ. ಕೊನೆಗೆ ಇದನ್ನೂ ಬಿಡಲಿ.

ತಮ್ಮಲ್ಲಿ ಕೇಳುವುದು ಎರಡು ವಿಷಯ. ‘ಸೇದು’ ಮತ್ತು ‘ಉಸಿರೆಳೆ’ ಎಂಬ ವಿಂಗಡಣೆ ಕಿವಿಗೆ ಒಪ್ಪುತ್ತದೆಯೇ? ಎರಡನೆಯದಾಗಿ, ಗುಡುಗುಡಿಯ (ಹುಕ್ಕಾದ) ಉಸಿರೂ ಸಾಮಾನ್ಯವಾಗಿ ನೆಟ್ಟಗೆ ಎದೆಗೇ ಇಳಿಯುವಂಥದ್ದು. ಸೊಲ್ಲಾಪುರ, ಅಕ್ಕಲಕೋಟೆ, ಆದವಾನಿ ಕಡೆಯ ಹಿರಿಯರು ಗುಡುಗುಡಿಗೆ ‘ಸೇದು’ ಎನ್ನುತ್ತಿದ್ದರೇ, ‘ಎಳೆ’ ಎನ್ನುತ್ತಿದ್ದರೇ, ಅಥವಾ ಅದಕ್ಕೆ ಬೇರೆಯೇ ಕ್ರಿಯಾಪದವಿತ್ತೇ? ಆ ಕಡೆಯ ಬಳಕೆ ತಿಳಿದವರು ಒಂದೆರಡು ಪೂರ್ಣ ವಾಕ್ಯಗಳನ್ನೇ ಉದಾಹರಣೆಯಾಗಿ ಬರೆದು ಕಳುಹಿಸಿದರೆ ಉಪಕಾರವಾಗುತ್ತದೆ.