ಉಚ್ಚಾರಣೆಗೆ ಅಂಕ ಬಂದಿದೆ, ಫ್ಲೂಯೆನ್ಸಿಗೆ ಬಂದಿಲ್ಲ: ಯಂತ್ರ ಏನನ್ನು ಅಳೆಯುತ್ತದೆ?

ವಿಜಯನಗರದ ಲೆಕ್ಕಿಗ:
ಹೊರವರ್ತುಲ ರಸ್ತೆಯ ಕಂಪನಿಯೊಂದಕ್ಕೆ ಅರ್ಜಿ ಹಾಕಿದ್ದೆ. ಸಂದರ್ಶನಕ್ಕೆ ಮೊದಲೇ ಹೆಡ್‌ಸೆಟ್ ಹಾಕಿ ಕೂರಿಸಿ ಇಂಗ್ಲಿಷ್ ಮಾತಿನ ಪರೀಕ್ಷೆ ನಡೆಸಿದರು. ಅಂಕ ಕೊಟ್ಟದ್ದೂ ಕಂಪ್ಯೂಟರೇ. ಉಚ್ಚಾರಣೆ ಚೆನ್ನಾಗಿದೆಯಂತೆ, ಫ್ಲೂಯೆನ್ಸಿ (ತಡವರಿಸದೆ ಸರಾಗವಾಗಿ ಮಾತನಾಡುವುದು) ಮಾತ್ರ ತೀರಾ ಕೆಳಗೆ. ಮಾತಿನ ನಡುವೆ ಏನಾದರೂ ಸರಿಯಿಲ್ಲ ಅನ್ನಿಸಿದರೆ ಅಲ್ಲೇ ನಿಂತು ತಿದ್ದಿಕೊಂಡು ಮುಂದೆ ಹೋಗುವವನು ನಾನು. ಜಿಎಸ್‌ಟಿ ಲೆಕ್ಕ ನೋಡುವವರ ಸ್ವಭಾವ ಅದು. ಕನ್ನಡ ಮಾಧ್ಯಮದಲ್ಲಿ ಓದಿದವನ ಧಾಟಿ ಯಂತ್ರಕ್ಕೆ ಹಿಡಿಸಲಿಲ್ಲವೇ? ನಾವು ಹೇಳಿದ್ದು ಅದಕ್ಕೆ ಅರ್ಥವಾದರೂ ಆಗುತ್ತದೆಯೇ?

ಪ್ರವಾಸಿ:
ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ತೆಗೆದುಕೊಳ್ಳಿ. ಅಲ್ಲಿ ಮಾತಿನ ಪರೀಕ್ಷೆ ನಡೆಸುವುದು ಮನುಷ್ಯರೇ.

ವಿಜಯನಗರದ ಲೆಕ್ಕಿಗ:
ಕಂಪನಿ ಅದನ್ನು ಒಪ್ಪುವುದಿಲ್ಲ ಸರ್.

ಬಸವನಗುಡಿಯ ಇಂಗ್ಲಿಷ್ ಮೇಡಂ:
ಧಾಟಿಯ ಅನುಮಾನ ಬಿಡಿ. ಧಾಟಿ ಹಿಡಿಸದಿದ್ದರೆ ಮೊದಲ ಪೆಟ್ಟು ಬೀಳುತ್ತಿದ್ದದ್ದು ಉಚ್ಚಾರಣೆಗೆ.

ಯಂತ್ರ ನಿಮ್ಮ ದನಿಯನ್ನು ಪದಗಳಾಗಿ, ಪದಗಳನ್ನು ಬಿಡಿ ಧ್ವನಿಗಳಾಗಿ ಒಡೆದು, ಪ್ರತಿಯೊಂದೂ ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ಗುರುತು ಹಾಕಿಕೊಳ್ಳುತ್ತದೆ. ಆಮೇಲೆ ಬರೀ ಲೆಕ್ಕ: ಬಾಯಿ ತೆರೆಯಲು ಎಷ್ಟು ಹೊತ್ತು ಹಿಡಿಯಿತು, ಎಷ್ಟು ವೇಗ, ಮೌನ ಎಲ್ಲಿ ಬಿತ್ತು, ಎಷ್ಟು ಉದ್ದ. ಹಿಂದೆ ಪರೀಕ್ಷೆ ಬರೆದವರ ಧ್ವನಿಮುದ್ರಣಗಳಿಗೆ ತರಬೇತಾದ ಪರೀಕ್ಷಕರು ಕೊಟ್ಟ ಅಂಕಗಳನ್ನು ಮುಂದಿಟ್ಟುಕೊಂಡು ಅದರ ಸೂತ್ರ ಕಟ್ಟಿರುತ್ತಾರೆ. ಇಂಥ ಮಾತಿಗೆ ಆ ಪರೀಕ್ಷಕರು ಎಷ್ಟು ಕೊಟ್ಟಾರು ಎಂಬ ಅಂದಾಜೇ ನಿಮ್ಮ ಕೈಗೆ ಬಂದ ಅಂಕ.

ಇನ್ನು ನಿಮ್ಮ ತಿದ್ದುಪಡಿ. ‘ಹೀ ಗೋ, ಸಾರಿ, ಹೀ ಗೋಸ್’ ಎಂದರೆ ಎದುರು ಕುಳಿತವರಿಗೆ ಎಚ್ಚರಿಕೆಯ ಮನುಷ್ಯ ಅನ್ನಿಸಬಹುದು. ಯಂತ್ರಕ್ಕೆ ಸಿಗುವುದು ಒಂದು ತಡೆ, ಒಂದು ಬೇಡದ ಪದ, ಒಂದು ಪುನರಾವರ್ತನೆ. ಪಿಟಿಇ ಎಂಬ ಕಂಪ್ಯೂಟರ್ ಇಂಗ್ಲಿಷ್ ಪರೀಕ್ಷೆಯಲ್ಲಿ ಗಟ್ಟಿಯಾಗಿ ಓದುವಾಗ ಪದ ಬಿಟ್ಟರೂ ತಪ್ಪು, ಬದಲಿಸಿದರೂ ತಪ್ಪು, ಸೇರಿಸಿದರೂ ತಪ್ಪು. 3 ಸೆಕೆಂಡ್ ಸುಮ್ಮನಿದ್ದರೆ ಮೈಕ್ ಮುಚ್ಚಿಕೊಳ್ಳುತ್ತದೆ. ಫ್ಲೂಯೆನ್ಸಿಗೂ ಉಚ್ಚಾರಣೆಗೂ ಅಲ್ಲಿ ಬೇರೆ ಬೇರೆ ಅಂಕ, ಆದ್ದರಿಂದ ಒಂದು ಮೇಲೆ, ಇನ್ನೊಂದು ಕೆಳಗೆ ಇರುವುದು ವಿಚಿತ್ರವೇನಲ್ಲ.

ಹಾಗೆಂದು ಗಡಗಡನೆ ಮಾತನಾಡಿ ಎನ್ನುವ ಯೂಟ್ಯೂಬ್ ಗುರುಗಳನ್ನು ನಂಬಬೇಡಿ. ಪದ ನುಂಗಿದರೆ ಯಂತ್ರ ಅದನ್ನು ಬೇರೇನೋ ಎಂದು ಬರೆದುಕೊಳ್ಳುತ್ತದೆ. ಅರ್ಥ ಮುಗಿಯುವ ಕಡೆ ಉಸಿರು ತೆಗೆದುಕೊಳ್ಳಿ, ಅದಕ್ಕೆ ಯಾರೂ ಅಂಕ ಕಳೆಯುವುದಿಲ್ಲ. ‘ಇನ್ ದ’ ಎಂದು ನಿಂತು, ಮುಂದಿನ ಪದಕ್ಕೆ ತಡಕಾಡುವ ಮೌನವೇ ದುಬಾರಿ. ನನ್ನ ತರಗತಿಗೆ ಬರುವ ಜಾಣರೆಲ್ಲ ಎಡವುವುದು ಇಲ್ಲೇ. ವ್ಯಾಕರಣ ಚೆನ್ನಾಗಿ ಗೊತ್ತಿರುವವರಿಗೇ ಈ ಕಾಟ ಹೆಚ್ಚು!

ಜಯನಗರ 4ನೇ ಬ್ಲಾಕ್:
ಅರ್ಥವಾಗುತ್ತದೆಯೇ ಎಂಬ ಪ್ರಶ್ನೆ ಉಳಿಯಿತಲ್ಲ. ಕೇಳಿದ ವಾಕ್ಯವನ್ನು ಹಾಗೆಯೇ ಒಪ್ಪಿಸುವಾಗ ಅರ್ಥದ ಅಗತ್ಯವೇ ಇಲ್ಲ; ಯಾವ ಪದ ಬರಬೇಕೆಂದು ಯಂತ್ರಕ್ಕೆ ಮೊದಲೇ ಗೊತ್ತು. ಕಷ್ಟ ಇರುವುದು ಸ್ವಂತ ಮಾತಿನಲ್ಲಿ. ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆ ನಡೆಸುವ ಇಟಿಎಸ್ ಸಂಸ್ಥೆ 2019ರಲ್ಲಿ ಸ್ಪೀಚ್‌ರೇಟರ್ ಯಂತ್ರವನ್ನು ಮಾತಿನ ವಿಭಾಗಕ್ಕೆ ತಂದಾಗಲೂ ಮಾನವ ಪರೀಕ್ಷಕರನ್ನು ಜೊತೆಗೇ ಇಟ್ಟುಕೊಂಡಿತು. ಉತ್ತರದ ಹುರುಳನ್ನು ತೂಗುವ ಕೆಲಸ ಆಗ ಮನುಷ್ಯರದೇ ಆಗಿತ್ತು.

ವಿಜಯನಗರದ ಲೆಕ್ಕಿಗ:
ಮೇಡಂ, ತಿದ್ದಿಕೊಳ್ಳುವ ಅಭ್ಯಾಸ ಬಿಡುವುದು ಹೇಗೆ? ಇನ್ನೊಂದು ವಿಷಯ, ಅದೇ ಕೋಣೆಯಲ್ಲಿ ಅಕ್ಕಪಕ್ಕದವರೂ ಒಟ್ಟಿಗೇ ಮಾತನಾಡುತ್ತಿದ್ದರು.

ಬಸವನಗುಡಿಯ ಇಂಗ್ಲಿಷ್ ಮೇಡಂ:
ಇಂಗ್ಲಿಷ್ ಪತ್ರಿಕೆಯ ಒಂದು ಸುದ್ದಿ ಓದಿ ಪಕ್ಕಕ್ಕಿಟ್ಟು, ಅದನ್ನೇ ನಿಮ್ಮ ಮಾತಿನಲ್ಲಿ ಹೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ನಾಲಗೆ ತಪ್ಪಿದರೂ ಹಿಂದಕ್ಕೆ ಹೋಗಬೇಡಿ. ತಿದ್ದುವ ಆಸೆಯಿದ್ದರೆ ರೆಕಾರ್ಡಿಂಗ್ ಕೇಳುವಾಗ ಕಾಗದದ ಮೇಲೆ ತಿದ್ದಿ.

ಕೋಣೆಯ ವಿಷಯವನ್ನು ಮೊದಲೇ ಹೇಳಬೇಕಿತ್ತು! ಪಕ್ಕದವರ ದನಿ ನಿಮ್ಮ ಮೈಕಿಗೆ ಬಿದ್ದರೆ ಯಂತ್ರ ಅದನ್ನೂ ನಿಮ್ಮ ಮಾತೆಂದುಕೊಳ್ಳಬಹುದು. ನೇಮಕಾತಿ ವಿಭಾಗಕ್ಕೆ ಇಮೇಲ್ ಬರೆದು ಮರುಪರೀಕ್ಷೆ ಕೇಳಿ. ಗದ್ದಲದ ವಿಷಯವಷ್ಟನ್ನೇ ಬರೆಯಿರಿ, ಅಂಕದ ಬಗ್ಗೆ ವಾದಕ್ಕೆ ಹೋಗಬೇಡಿ. ಈ ಸಲ ಮೈಕ್ ತುಟಿಯ ಮುಂದೆ ಬೇಡ, ಬಾಯಿಯ ಅಂಚಿಗಿರಲಿ. ಉಸಿರಿನ ಸದ್ದು ಬೀಳುವುದಿಲ್ಲ.