ಸುದ್ದಿ ಹಲಗೆಯಲ್ಲಿ ವಿಜ್ಞಾನ ಬರೆದರೆ ಮಕ್ಕಳು ನಿಲ್ಲುವುದೇ ಇಲ್ಲ, ಎಂತ ಮಾಡುವುದು?

ಅಂಕೋಲೆ ಅಕ್ಕೋರು:

ನಾನು ಅಂಕೋಲೆ ಹತ್ತಿರದ ಹೈಸ್ಕೂಲಿನ ಕನ್ನಡ ಟೀಚರು. ಸೈನ್ಸ್ ಮಾಸ್ತರ ಅಕ್ಷರ ಕೋಳಿಕಾಲು, ಹಾಗಾಗಿ ಜಗಲಿಯ ಕರಿಹಲಗೆ ನನ್ನ ಕೊರಳಿಗೆ ಬಿದ್ದು ಆರು ವರ್ಷವಾಯಿತು. ಪ್ರಾರ್ಥನೆಗೆ ಮೊದಲು ಮೂರು ಸುದ್ದಿ: ಆಟದ್ದೊಂದು, ಹಾಡು-ಕಲೆಯದ್ದೊಂದು, ವಿಜ್ಞಾನದ್ದೊಂದು. ಬರೆದದ್ದನ್ನೆಲ್ಲ ನೋಟ್‌ಬುಕ್ಕಿಗೂ ಇಳಿಸುತ್ತೇನೆ. ಮೊನ್ನೆ 2024ರ ಡಿಸೆಂಬರಿನ ಪುಟ ತೆಗೆದು ಕೂತೆ.

ಗೂಗಲ್‌ನ ಕ್ವಾಂಟಮ್ ಕಂಪ್ಯೂಟರಿನ ವಿಲೋ ಚಿಪ್ಪು, 105 ಕ್ಯೂಬಿಟ್. ಸೂಪರ್ ಕಂಪ್ಯೂಟರಿಗೆ 1ರ ಮುಂದೆ 25 ಸೊನ್ನೆಯಷ್ಟು ವರ್ಷ ಹಿಡಿಯುವ ಲೆಕ್ಕವನ್ನು ಅದು ಐದೇ ನಿಮಿಷದಲ್ಲಿ ಮಾಡಿತು ಎಂದು ಅವರ ಹೇಳಿಕೆ. ಸೊನ್ನೆಗಳನ್ನೆಲ್ಲ ಬರೆದೆ. ಒಬ್ಬ ಹುಡುಗ ಬೆರಳಿಟ್ಟು ಎಣಿಸಿದ, ಸರಿಯಿದೆ ಅಂದ, ಹೋದ. ಇನ್ನೊಬ್ಬಳು ಕ್ಯೂಬಿಟ್ ಅಂದರೆ ಎಂತ ಎಂದು ಕೇಳಿದಳು. ಸೈನ್ಸ್ ಸರ್‌ನ ಕೇಳು ಅಂದೆ. ನನಗೇ ಗೊತ್ತಿದ್ದರಲ್ಲವೇ!

ಅದೇ ತಿಂಗಳ 13ಕ್ಕೆ ಚೆಸ್‌ನ ಗುಕೇಶ್. ಸಿಂಗಪುರದಲ್ಲಿ 14ನೇ ಆಟ, 55ನೇ ನಡೆಯಲ್ಲಿ ಡಿಂಗ್ ಲಿರೆನ್ ಆನೆಯನ್ನು ತಪ್ಪು ಮನೆಗಿಟ್ಟದ್ದು, 18ರ ಹುಡುಗ ವಿಶ್ವ ಚಾಂಪಿಯನ್. ಒಂಬತ್ತನೇ ಕ್ಲಾಸಿನವನೊಬ್ಬ ಪೇಪರು ನೋಡಿ ಮೂಲೆಯಲ್ಲಿ ಆ ಮಣೆಯನ್ನೇ ಚಾಕಿನಲ್ಲಿ ಬಿಡಿಸಿದ. ಗಂಟೆ ಹೊಡೆದರೂ ಒಬ್ಬರೂ ಕದಲಲಿಲ್ಲ.

17ರ ಮಂಗಳವಾರ ಎರಡು ಸಾವಿನ ಸುದ್ದಿ. ಅಮೆರಿಕದಲ್ಲಿ ತಬಲಾದ ಜಾಕಿರ್ ಹುಸೇನ್, ಇಲ್ಲೇ ಹೊನ್ನಳ್ಳಿಯಲ್ಲಿ ಗಿಡ ಬೆಳೆಸಿದ ತುಳಸಿ ಗೌಡ. ‘ತುಳಸಿ ಗೌಡ ನಿಧನ’ ಎಂದು ಬರೆದು ತಿರುಗಿದರೆ ಅವರದೇ ಹಾಲಕ್ಕಿ ಸಮುದಾಯದ ಹುಡುಗಿಯೊಬ್ಬಳು ಹಿಂದೆಯೇ ನಿಂತಿದ್ದಳು. ‘ತುಳಸಜ್ಜಿ ಅಂತ ಬರೀರಿ ಅಕ್ಕೋರೆ.’ ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಬರೆದೆ. ಅವತ್ತು ವಿಜ್ಞಾನಕ್ಕೆ ಜಾಗವೇ ಉಳಿಯಲಿಲ್ಲ, ಯಾರೂ ಕೇಳಲೂ ಇಲ್ಲ.

28ಕ್ಕೆ ‘ಪಾರ್ಕರ್ ನೌಕೆ ಸೂರ್ಯನಿಗೆ 61 ಲಕ್ಷ ಕಿ.ಮೀ. ಹತ್ತಿರ’ ಅಂತ ಬರೆದೆ. ‘61 ಲಕ್ಷ ಹತ್ತಿರ ಹೆಂಗೆ ಆಯ್ತು?’ ಅಂದರು, ಅಷ್ಟೇ. ಆಟಕ್ಕೆ, ಹಾಡಿಗೆ ಒಂದು ಮುಖ ಇರುತ್ತದೆ. ನನ್ನ ವಿಜ್ಞಾನಕ್ಕೆ ಬರೀ ಸೊನ್ನೆ. ಹೇಗೆ ಬರೆಯಲಿ ಹೇಳಿ.

ಬೈತಕೋಲ ಬೋಟು:

ಅಕ್ಕೋರೆ, ನೀವು ಮ್ಯಾಚು ಮುಗಿದ ಮೇಲೆ ಸ್ಕೋರು ಬರೆದಿದ್ದೀರಿ. ಆ ಪಾರ್ಕರ್ 24ಕ್ಕೆ ಸೂರ್ಯನ ಹತ್ತಿರ ಹೋದದ್ದು. ಗಂಟೆಗೆ ಸುಮಾರು 6.9 ಲಕ್ಷ ಕಿ.ಮೀ. ವೇಗ. ಹೋಗುವಾಗ ಅದರ ಸಂಪರ್ಕವೇ ಇಲ್ಲ. ಸುಟ್ಟುಹೋಯಿತೋ ಉಳಿಯಿತೋ ಯಾರಿಗೂ ಗೊತ್ತಿಲ್ಲ. ‘ಇದ್ದೇನೆ’ ಅಂತ ಸಿಗ್ನಲ್ ಬಂದದ್ದು ಅಮೆರಿಕದ 26ರ ರಾತ್ರಿ. ಬೋಟು ಆಳಕ್ಕೆ ಹೋಗಿ ಗಾಳಿ ಎದ್ದು ಫೋನು ಸಿಗದಿದ್ದರೆ ಮನೆಯಲ್ಲಿ ಹೇಗಿರುತ್ತದೆ ಅಂತ ನಿಮ್ಮ ಅರ್ಧ ಕ್ಲಾಸಿಗೆ ಗೊತ್ತು. 24ಕ್ಕೇ ಬರೆಯಬೇಕಿತ್ತು: ‘ಇವತ್ತು ಹೋಯಿತು, ಇನ್ನೂ ಸುದ್ದಿ ಇಲ್ಲ.’

2025ರ ಜನವರಿಯ ಇಸ್ರೋ ಸ್ಪೇಡೆಕ್ಸ್ ನೋಡಿ. ತಲಾ 220 ಕೆ.ಜಿ.ಯ ಎರಡು ಉಪಗ್ರಹಗಳನ್ನು ಬಾಹ್ಯಾಕಾಶದಲ್ಲೇ ಕೂಡಿಸಬೇಕು. 7ಕ್ಕೆ ಅಂದರು, 9ಕ್ಕೆ ಅಂದರು, ಮುಂದೆ ಹಾಕಿದರು. 12ಕ್ಕೆ 15 ಮೀಟರ್, ಆಮೇಲೆ 3 ಮೀಟರ್ ತನಕ ತಂದು ವಾಪಸ್ ಸರಿಸಿದರು! 16ಕ್ಕೆ ಕೂಡಿದವು. ಅಲೆಯಲ್ಲಿ ಎರಡು ಬೋಟು ತಾಗಿಸಿ ಹಗ್ಗ ಎಸೆದವನಿಗೆ ಆ 3 ಮೀಟರ್ ಎಷ್ಟು ಉದ್ದ ಅಂತ ಗೊತ್ತು.

ಶಿರಸಿ ಮದ್ದಳೆ:

ಮೇಲಿನವರು ಹೇಳಿದ್ದು ಸರಿ, ಆದರೆ ಎಲ್ಲದಕ್ಕೂ ಮ್ಯಾಚೇ ಬೇಕೆಂದಿಲ್ಲ. 17ರಂದು ವಿಜ್ಞಾನಕ್ಕೆ ಜಾಗ ಇರಲಿಲ್ಲ ಅಂದಿರಲ್ಲ, ಜಾಕಿರರ ತಬಲಾದಲ್ಲೇ ಇತ್ತು ಮಾರಾಯ್ರೆ. ನಡುವಿನ ಕಪ್ಪು ಕರಣೆ. ಬರೀ ಚರ್ಮಕ್ಕೆ ಬಡಿದರೆ ಮೂಲ ಸ್ವರದ ಮೇಲೆ ಏಳುವ ನಾದಗಳು ಒಂದಕ್ಕೊಂದು ಹೊಂದುವುದಿಲ್ಲ, ಸದ್ದಷ್ಟೇ ಆಗುತ್ತದೆ. ನಡುವೆ ಭಾರ ಹೇರಿದರೆ ಅವು ತಂತಿವಾದ್ಯದ ಹಾಗೆ ಒಂದಕ್ಕೆ ಎರಡು, ಮೂರು, ನಾಲ್ಕರ ಲೆಕ್ಕಕ್ಕೆ ಬಂದು ಕೂರುತ್ತವೆ. ಇದನ್ನು 1920ರಲ್ಲೇ ನೇಚರ್ ಪತ್ರಿಕೆಯಲ್ಲಿ ಬರೆದವರು ಸಿ.ವಿ. ರಾಮನ್. ಕರಣೆ ಹಾಕುವವರಿಗೆ ಅದಕ್ಕೂ ಮುಂಚೆ ಗೊತ್ತಿತ್ತು, ಅದು ಬೇರೆ ಮಾತು. ನಾನು ಈಗಲೂ ಅನ್ನ, ಕಿಟ್ಟದ ಪುಡಿ ಅರೆದು ಸುತ್ತು ಸುತ್ತಾಗಿ ಹಚ್ಚಿ ಕಲ್ಲಿನಲ್ಲಿ ತಿಕ್ಕುತ್ತೇನೆ. ಒಂದು ಸುತ್ತು ಜಾಸ್ತಿಯಾದರೆ ಶ್ರುತಿ ಇಳಿಯುತ್ತದೆ. ನಿಮ್ಮ ಹಾಲಕ್ಕಿ ಮಕ್ಕಳ ಮನೆಯ, ಕರಣೆಯಿಲ್ಲದ ಮಣ್ಣಿನ ಗುಮಟೆಯನ್ನೂ ಕರಣೆಯ ಒಂದು ಮದ್ದಳೆಯನ್ನೂ ಜಗಲಿಯಲ್ಲಿಟ್ಟು ಬಾರಿಸಿ. ಹಲಗೆಯೇ ಬೇಡ.

ಮಲ್ಲಾಪುರದಿಂದ:

ದಾಖಲೆ ಬೇಕಾದರೆ ನಮ್ಮ ಕೈಗಾ ಅಣುಸ್ಥಾವರ ಇದೆ. ಒಂದನೇ ಘಟಕ 2018ರ ಕೊನೆಯ ದಿನದವರೆಗೆ ನಿಲ್ಲದೆ 962 ದಿನ ಓಡಿ ವಿಶ್ವದಾಖಲೆ ಮಾಡಿತು. 2020ರಲ್ಲಿ ಕೆನಡಾದ ಡಾರ್ಲಿಂಗ್ಟನ್ ಅದನ್ನು ಮುರಿಯಿತು. ಡೋಹಾದಲ್ಲಿ ನೀರಜ್ 90.23 ಮೀಟರ್ ಎಸೆದೂ ಎರಡನೆಯವನಾದ ಹಾಗೆ ಅಂದುಕೊಳ್ಳಿ.

ಅಂಕೋಲೆ ಅಕ್ಕೋರು:

ಎಲ್ಲರಿಗೂ ಥ್ಯಾಂಕ್ಸ್. ಕೈಗಾ ಬರೆಯುತ್ತೇನೆ, ಆದರೆ ಅದಕ್ಕೆ ನೀರು ಕೊಡುವ ಕದ್ರಾ ಅಣೆಕಟ್ಟಿಗೆ ಮನೆ ಬಿಟ್ಟವರ ಮೊಮ್ಮಕ್ಕಳೂ ನನ್ನ ಕ್ಲಾಸಿನಲ್ಲಿದ್ದಾರೆ. ಅವರು ಕೇಳುವ ಪ್ರಶ್ನೆ ಬೇರೆ ಇರುತ್ತದೆ, ಅದಕ್ಕೂ ತಯಾರಾಗಬೇಕು.

ಬೋಟಿನವರ ಮಾತು ಹಿಡಿದು ಬುಧವಾರ ಒಂದು ಹಳೇ ಸುದ್ದಿಯನ್ನು ಉತ್ತರ ಬಿಟ್ಟು ಬರೆದೆ. ‘ಸ್ಪೇಡೆಕ್ಸ್ ಹೋದ ರಾಕೆಟ್ಟಿನಲ್ಲೇ 8 ಅಲಸಂದೆ ಬೀಜ ಹೋಗಿದ್ದವು. ಭಾರವೇ ಇಲ್ಲದ ಕಡೆ ಮೊಳಕೆ ಬಂತೇ?’ ಮಧ್ಯಾಹ್ನದೊಳಗೆ ಯಾರೋ ಎಂಟು ಅಲಸಂದೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತೆಂಗಿನ ಗರಟೆಯಲ್ಲಿ ಹಲಗೆ ಕೆಳಗಿಟ್ಟಿದ್ದರು. ತುಳಸಜ್ಜಿ ಅಂತ ಬರೆಸಿದವಳ ವಾದ: ಅಲ್ಲಿ ಕೆಳಗೆ ಯಾವುದು ಅಂತ ಬೇರಿಗೆ ಗೊತ್ತಾಗುವುದಿಲ್ಲ, ಹಾಗಾಗಿ ಬರುವುದಿಲ್ಲ. ಗುಕೇಶ್‌ನ ಮಣೆ ಬಿಡಿಸಿದವನದ್ದು ಉಲ್ಟಾ. ನಮ್ಮ ಗರಟೆಯಲ್ಲಿ ಶುಕ್ರವಾರಕ್ಕೆ ಆರು ಮೊಳೆತವು, ಒಂದನ್ನು ಇರುವೆ ಹೊತ್ತುಕೊಂಡು ಹೋಯಿತು.

ಅಲ್ಲಿ ನಾಲ್ಕೇ ದಿನಕ್ಕೆ ಮೊಳೆತಿದ್ದವು, ಆಮೇಲೆ ಎಲೆಯೂ ಬಂತು. ಸೋಮವಾರ ಬರೆಯುತ್ತೇನೆ ಎಂದು ಹೇಳಿ ಬಂದಿದ್ದೆ. ಶನಿವಾರ ರಾತ್ರಿಯೇ ಅವಳ ಫೋನು ಬಂತು, ‘ಅಕ್ಕೋರೆ, ಬಂತಾ ಇಲ್ವಾ?’