ಸಹಾಯ ಬೇಕು: ಸೆವಿನ್ಯೆ ಪತ್ರಗಳಿಗೆ ಫ್ರೆಂಚ್ ಗೊತ್ತಿದ್ದವರು ಯಾರಾದ್ರೂ ಉಂಟಾ?

ಎಲ್ಲರಿಗೂ ನಮಸ್ಕಾರ. ಬದಿಯಡ್ಕ ಹತ್ರ ನಮ್ಮದೊಂದು ಸಣ್ಣ ಹೆಂಗಸರ ಓದುಬಳಗ ಉಂಟು, ಈ ಸಲ ಹಳೇ ಕಾಲದ ದೊಡ್ಡ ಮನೆತನದ ಹೆಂಗಸರ ಪತ್ರಗಳನ್ನ ಕನ್ನಡ ಮಾಡಿ ಓದೋದೂಂತ ಆಗಿದೆ, ನನ್ನ ಪಾಲಿಗೆ ಬಂದದ್ದು ಫ್ರಾನ್ಸಿನ ಮದಾಂ ದ ಸೆವಿನ್ಯೆ. ಮಗಳು ಗ್ರಿನ್ಯಾನ್ ಕೌಂಟನ್ನ (ಕೌಂಟ್ ಅಂದ್ರೆ ಅಲ್ಲಿಯ ದೊಡ್ಡ ಮನೆತನದವರ ಬಿರುದು) ಮದುವೆ ಆಗಿ 1671ರಲ್ಲಿ ಪ್ಯಾರಿಸ್ ಬಿಟ್ಟು ದಕ್ಷಿಣ ಫ್ರಾನ್ಸಿನ ಪ್ರೊವಾನ್ಸಿಗೆ ಹೋದ್ಲು, ಆವಾಗಿಂದ ಈ ಅಮ್ಮಂದು ಪತ್ರವೋ ಪತ್ರ, ಇಬ್ರೂ ದೂರ ಇದ್ದಾಗೆಲ್ಲ ಬರೆದದ್ದೇ.

ಮೈಗೆ ಹುಷಾರಿಲ್ದಿದ್ರೆ ಚಾಕೊಲೇಟ್ ಕುಡಿ ಅಂತ ಒಂದ್ಸಲ ಹೇಳ್ತಾರೆ, ಕೆಲವೇ ತಿಂಗಳಲ್ಲಿ ಬೇಡ ಅದು ಒಳ್ಳೇದಲ್ಲ ಅಂತಾರೆ (ನಮ್ಮ ಅಮ್ಮಂದಿರೂ ಬೇರೆ ಎಂತ ಮಾಡ್ತಾರೆ ಹೇಳಿ). ಅದೇ ವರ್ಷ ಏಪ್ರಿಲ್ಲಲ್ಲಿ ಶಾಂತಿಯಿ ಅರಮನೆಗೆ 14ನೇ ಲೂಯಿ ರಾಜ ಬಂದಾಗ ಊಟದ ಉಸ್ತುವಾರಿ ವಾತೆಲ್, ಮೀನು ಹೊತ್ತಿಗೆ ಬರ್ಲಿಲ್ಲ ಮರ್ಯಾದೆ ಹೋಯ್ತೂಂತ ಕತ್ತಿಯಿಂದ ಜೀವ ಕಳಕೊಂಡ, ಆಮೇಲೆ ನಾಲ್ಕೂ ಕಡೆಯಿಂದ ಮೀನು ಬಂತು. ಅದನ್ನ ಮಗಳಿಗೆ ಬರೆದ ಪತ್ರ ಓದಿದ್ರೆ ಕಣ್ಣಿಗೆ ಕಟ್ಟಿದ ಹಾಗೆ ಉಂಟು ಮಾರಾಯ್ರೆ.

ನನ್ನ ಹತ್ರ ಇರೋದು ಇಂಗ್ಲಿಷ್ ಅನುವಾದ ಮಾತ್ರ, ಅದೂ ಅಲ್ಲಲ್ಲಿ ಕತ್ತರಿಸಿದ್ದು. ಈ ಚಾಕೊಲೇಟ್, ವಾತೆಲ್ ಪತ್ರಗಳನ್ನ ಮೂಲ ಫ್ರೆಂಚಲ್ಲಿ ಓದಿ ನನ್ನ ಕನ್ನಡ ಸರಿ ಉಂಟಾ ನೋಡಿ ಕೊಡುವವರು ಕಾಸರಗೋಡು, ಮಂಗಳೂರು ಕಡೆ ಇದ್ರೆ ದಯವಿಟ್ಟು ತಿಳಿಸಿ, ಫೋನಲ್ಲಾದ್ರೂ ಆಗ್ತದೆ. ಮತ್ತೆ ಮಗಳ ಉತ್ತರಗಳು ಉಳಿದಿಲ್ಲ, ಅಮ್ಮನ ಮಾತು ಮಾತ್ರ ಇಟ್ಟುಕೊಂಡು ಇಬ್ಬರು ಓದುವ ಹಾಗೆ ಮಾಡೋದು ಹೇಗೆ? ಉತ್ತರ ನಾವೇ ಕಟ್ಟಿ ಬರೆಯೋದು ನನಗೆ ಇಷ್ಟ ಇಲ್ಲ, ನಾಟಕದವರು ಯಾರಾದ್ರೂ ಇದ್ರೆ ಐಡಿಯಾ ಕೊಡಿ.